ಚಂದ್ರಾವತಿಯ ಹೊಟ್ಟೆನೋವು

ಸರಸ್ವತಿಪುರಂನಲ್ಲಿ ವೆಂಕಟಸುಬ್ಬಯ್ಯನವರ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ರಾಜವೈದ್ಯರ ಮನೆ ಯಾವುದು ಎಂದರೆ ಮಾತ್ರ ಮೂರು ಜನ ಒಟ್ಟಿಗೆ ಕೈ ತೋರಿಸುತ್ತಿದ್ದರು. ಹಾಗೆಂದು ವೆಂಕಟಸುಬ್ಬಯ್ಯನವರು ವೈದ್ಯರೇನಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ಕಳಿಸಿ, ಕೊನೆಗೆ ಶಾಲು ಹೊದಿಸಿಕೊಂಡು ನಿವೃತ್ತರಾದವರು. ವೈದ್ಯರಾಗಿದ್ದವರು ಅವರ ಮುತ್ತಾತ ಸುಬ್ಬಾ ಪಂಡಿತರು. ಅವರು ಅರಮನೆಯಲ್ಲಿ ವೈದ್ಯರಾಗಿದ್ದರು ಎಂಬುದು ಮನೆತನದಲ್ಲಿ ಬಾಯಿಂದ ಬಾಯಿಗೆ ಇಳಿದು ಬಂದ ಸಂಗತಿ. ಅದಕ್ಕೆ ಸಾಕ್ಷಿಯಾಗಿ ಮನೆಯಲ್ಲಿ ಒಂದು ಪುಸ್ತಕವೂ ಇತ್ತು.

ಕೆಂಪು ವಸ್ತ್ರದಲ್ಲಿ ಸುತ್ತಿ ಕಬ್ಬಿಣದ ಟ್ರಂಕಿನಲ್ಲಿಟ್ಟಿದ್ದ ಆ ಕೈಬರಹದ ಪುಸ್ತಕವೆಲ್ಲ ಮೋಡಿ ಅಕ್ಷರ. ಹಿಂದಿನವರು ಲೇಖನಿ ಎತ್ತದೆ, ಒಂದಕ್ಷರಕ್ಕೆ ಇನ್ನೊಂದು ಹೆಣೆದು, ಗೆರೆ ಎಳೆದ ಹಾಗೆ ಬರೆದುಕೊಂಡು ಹೋಗುತ್ತಿದ್ದ ಬರವಣಿಗೆ ಅದು. ವೆಂಕಟಸುಬ್ಬಯ್ಯನವರ ಕಣ್ಣಿಗೆ ಪ್ರತಿ ಪುಟವೂ ತಟ್ಟೆಗೆ ಬಡಿಸಿದ ಶಾವಿಗೆಯಂತೆ ಕಾಣುತ್ತಿತ್ತು. ಅವರಿಗೆ ಅದರಲ್ಲಿ ಒಂದಕ್ಷರವೂ ಬಾರದು. ಅವರ ತಂದೆಗೂ ಬರುತ್ತಿರಲಿಲ್ಲ. ಆದರೆ ಓದಲು ಬಾರದ ಪುಸ್ತಕಕ್ಕೆ ಇರುವ ಗೌರವ ಓದಬಲ್ಲ ಪುಸ್ತಕಕ್ಕೆ ಎಲ್ಲಿಂದ ಬರಬೇಕು?

ನೆರೆಹೊರೆಯವರು ಮಂಡಿ ನೋವು, ಅಜೀರ್ಣ ಎಂದು ಬಂದರೆ ವೆಂಕಟಸುಬ್ಬಯ್ಯನವರು ಗಂಭೀರವಾಗಿ ತಲೆಯಾಡಿಸಿ ಒಳಗಿನ ಕೋಣೆಗೆ ಹೋಗುತ್ತಿದ್ದರು. ಟ್ರಂಕಿನ ಮುಚ್ಚಳ ಕಿರುಗುಟ್ಟುವುದು ಹೊರಗೆ ಕೂತವರಿಗೆ ಕೇಳಬೇಕು, ಹಾಗೆ ತೆಗೆಯುತ್ತಿದ್ದರು. ಐದು ನಿಮಿಷ ಬಿಟ್ಟು, ಅಡುಗೆಮನೆಯ ಬಾಗಿಲಿನಲ್ಲಿ ಹೆಂಡತಿ ರಮಾಮಣಿ ಪಿಸುಗುಟ್ಟಿದ ಮನೆಮದ್ದನ್ನು ತಂದು, “ಮುತ್ತಾತನವರ ಔಷಧಯೋಗ” ಎಂದು ಹೇಳುತ್ತಿದ್ದರು. ಜನಕ್ಕೆ ಗುಣವಾಗುತ್ತಿತ್ತು. ಕೀರ್ತಿ ಪುಸ್ತಕಕ್ಕೆ ಸಲ್ಲುತ್ತಿತ್ತು.

ಆಯುಧಪೂಜೆಗೆ ಮನೆ ಗುಡಿಸುವಾಗ ರಮಾಮಣಿ ಟ್ರಂಕು ತೆಗೆದು ನೋಡಿದರು. ಪುಸ್ತಕದ ಕೊನೆಯ ಹಾಳೆಗಳನ್ನು ಹುಳ ತಿಂದು ಹುಡಿ ಮಾಡಿತ್ತು.

“ಇನ್ನೊಂದು ವರ್ಷ ಹೀಗೇ ಬಿಟ್ರೆ ನಿಮ್ಮ ರಾಜವೈದ್ಯವೆಲ್ಲ ಹುಳದ ಹೊಟ್ಟೇಲಿರತ್ತೆ,” ಎಂದ ಅವರು ಆ ಮಧ್ಯಾಹ್ನವೇ ಶಾಲಿನಿಗೆ ಫೋನು ಮಾಡಿದರು. ಶಾಲಿನಿ ಅವರ ಸಂಗೀತದ ಪಾಠದ ಗೆಳತಿ. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲಿರುವ ಸಣ್ಣ ಟ್ರಸ್ಟೊಂದರಲ್ಲಿ ಕೆಲಸ. ಮನೆಮನೆಯ ಹಳೆಯ ಪುಸ್ತಕ, ಕಾಗದ, ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಇಡುವುದು ಆ ಟ್ರಸ್ಟಿನ ಕಸುಬು.

ಶಾಲಿನಿ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ವೆಂಕಟಸುಬ್ಬಯ್ಯನವರ ಕಿವಿಗೆ ಬಿದ್ದದ್ದು “ಇನ್ನು ಯಾವತ್ತೂ ನಾಶ ಆಗಲ್ಲ ಸಾರ್” ಎಂಬ ಒಂದೇ ಮಾತು. ನಾಶವಾಗುವುದಿಲ್ಲ ಎಂದ ಮೇಲೆ ದೊಡ್ಡ ಬೀಗ ಹಾಕಿಯೇ ಇಡುತ್ತಾರೆ ಎಂದು ಅವರು ತಿಳಿದರು. ಅವಳು ಒಪ್ಪಿಗೆಯ ಪತ್ರ ಮುಂದಿಟ್ಟಳು. ಓದಲು ಕನ್ನಡಕ ಬೇಕು. ಆದರೆ ಪಕ್ಕದಲ್ಲಿ ಎದುರುಮನೆಯ ಶಿವಮಲ್ಲಪ್ಪ ಕೂತಿದ್ದಾರೆ. ಅವರಿಗೆ ಕಣ್ಣಿನ ಕಾಂತಿಗೆಂದು ಹೊನಗೊನೆ ಸೊಪ್ಪು ತಿನ್ನಲು ಹೇಳಿ, ತಾವು ಅದರಿಂದಲೇ ಕನ್ನಡಕ ಬಿಟ್ಟದ್ದಾಗಿ ಹೋದ ವಾರವಷ್ಟೇ ಅಪ್ಪಣೆ ಕೊಡಿಸಿದ್ದರು. ಹೀಗಾಗಿ ವೆಂಕಟಸುಬ್ಬಯ್ಯನವರು ಪತ್ರವನ್ನು ಮುಖದ ಮುಂದೆ ಹಿಡಿದು, ಎರಡು ಸಲ “ಹೂಂ, ಹೂಂ” ಎಂದು, ಸಹಿ ಹಾಕಿಬಿಟ್ಟರು. “ಯಾರು ಬೇಕಾದರೂ ನೋಡಬಹುದು, ನಕಲು ಮಾಡಿಕೊಳ್ಳಬಹುದು, ಬಳಸಬಹುದು” ಎಂಬ ಸಾಲಿನ ಮೇಲೆಯೇ ಅವರ ಸಹಿಯ ಬಾಲ ಹಾದು ಹೋಯಿತು.

ಶಾಲಿನಿ ಎರಡು ದಿನ ಯಂತ್ರ ತಂದು ಮನೆಯಲ್ಲೇ ಪುಟಪುಟವನ್ನೂ ಸ್ಕ್ಯಾನ್ ಮಾಡಿಕೊಂಡು, ಪುಸ್ತಕವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟು ಹೋದಳು. ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಪಾರ್ಕಿನಲ್ಲಿ ಶಿವಮಲ್ಲಪ್ಪ ತಮ್ಮ ಫೋನನ್ನು ಚಾಚಿದರು.

“ಸ್ವಾಮಿ, ಇದು ನಿಮ್ಮ ಪುಸ್ತಕ ತಾನೆ? ನಮ್ಮ ಷಡ್ಡಕ ದಾವಣಗೆರೆಯಿಂದ ಕಳ್ಸವ್ರೆ.”

ವೆಂಕಟಸುಬ್ಬಯ್ಯನವರು ನೋಡಿದರು. ಅದೇ ಶಾವಿಗೆ. ಮೂರು ತಲೆಮಾರು ಯಾರ ಕಣ್ಣಿಗೂ ಬೀಳದ ಗುಟ್ಟು ದಾವಣಗೆರೆಯ ಷಡ್ಡಕನ ಕೈಯಲ್ಲಿದೆ. ಅವರು ಪಂಚೆ ಎತ್ತಿ ಕಟ್ಟಿ ಮನೆಗೆ ಓಡಿದರು. ಟ್ರಂಕು ತೆಗೆದರೆ ಪುಸ್ತಕ ಇದ್ದಲ್ಲೇ ಇದೆ. ಮುಚ್ಚಿ, ಮತ್ತೆ ತೆಗೆದರು. ಆಗಲೂ ಇತ್ತು. ಅದು ಅವರನ್ನು ಇನ್ನಷ್ಟು ಗಾಬರಿಗೊಳಿಸಿತು. ಸ್ನಾನವನ್ನೂ ಮಾಡದೆ ಪೊಲೀಸ್ ಠಾಣೆಗೆ ಹೋದರು.

ಸಬ್‌ಇನ್‌ಸ್ಪೆಕ್ಟರ್ ದೇವರಾಜು ಹಿರಿಯರೆಂದು ಕುರ್ಚಿ ಕೊಟ್ಟು ಕೇಳಿದರು. “ಏನು ಕಳುವಾಗಿರೋದು ಸಾರ್?”

“ಪುಸ್ತಕ. ರಾಜವೈದ್ಯರದ್ದು. ನೂರು ವರ್ಷಕ್ಕೂ ಹಳೇದು.”

“ಕೊನೇ ಸಲ ಅದನ್ನ ಎಲ್ಲಿ ನೋಡಿದ್ರಿ?”

“ಈಗ ಬರೋವಾಗ. ಮನೇಲಿ, ಟ್ರಂಕ್ನಲ್ಲಿ.”

ದೇವರಾಜು ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿದರು. “ಈಗ್ಲೂ ಅಲ್ಲೇ ಇದ್ಯಾ?”

“ಇದೆ. ಆದ್ರೆ ದಾವಣಗೆರೇಲೂ ಇದೆ.”

“ದಾವಣಗೆರೆಗೆ ಯಾರು ತಗೊಂಡ್ಹೋದ್ರು?”

“ಯಾರೂ ತಗೊಂಡ್ಹೋಗಿಲ್ಲ. ಅದೇ ನನ್ನ ದೂರು.”

ದೇವರಾಜು ಫೋನಿನಲ್ಲಿ ಆ ಪುಟವನ್ನು ತೆಗೆಸಿ ನೋಡಿದರು. ಕೆಳಗೆ ಒಪ್ಪಿಗೆ ಕೊಟ್ಟವರ ಹೆಸರಿತ್ತು. ಅದನ್ನು ನಿಧಾನವಾಗಿ ಓದಿದರು. “ಸಾರ್, ಇಲ್ಲಿ ಕೊಟ್ಟೋರು ವೆಂಕಟಸುಬ್ಬಯ್ಯ ಅಂತಿದೆ. ಕಳಕೊಂಡೋರೂ ವೆಂಕಟಸುಬ್ಬಯ್ಯ. ನಾನೀಗ ಆರೋಪಿ ಕಾಲಂನಲ್ಲಿ ಯಾರನ್ನ ಬರೀಲಿ?”

ವೆಂಕಟಸುಬ್ಬಯ್ಯನವರು ಒಂದು ಲೋಟ ನೀರು ಕುಡಿದು ಎದ್ದು ಬಂದರು. ಅಲ್ಲಿಂದ ಸೀದಾ ದೇವರಾಜ ಮೊಹಲ್ಲಾ. ಪಾತ್ರೆ ಅಂಗಡಿಯ ಬದಿಯ ಮೆಟ್ಟಿಲು ಹತ್ತಿ, ಏದುಸಿರಿನಲ್ಲೇ ಶಾಲಿನಿಯನ್ನು ತರಾಟೆಗೆ ತೆಗೆದುಕೊಂಡರು.

ಅವಳು ಸಿಟ್ಟಾಗಲಿಲ್ಲ. “ಬೇಡ ಅಂದ್ರೆ ಒಂದು ಪತ್ರ ಕೊಡಿ ಸಾರ್, ತೆಗೆದ್ಬಿಡ್ತೀವಿ. ಆದ್ರೆ ಈಗಾಗ್ಲೇ ಸಾವಿರದ ಮುನ್ನೂರು ಜನ ನೋಡಿದಾರೆ.”

“ಎಷ್ಟು ಜನ?”

“ಸಾವಿರದ ಮುನ್ನೂರು. ಹುಬ್ಬಳ್ಳಿಯ ಯಶೋಧಾ ಅನ್ನೋರು ಮೋಡಿ ಓದ್ತಾರಂತೆ. ಶಾನುಭೋಗರ ಮನೆತನದವರು. ದಿನಕ್ಕೊಂದು ಪುಟ ಬಿಡಿಸಿ, ಎಲ್ಲರೂ ಓದೋ ಹಾಗೆ ಬರೆದು ಹಾಕ್ತೀನಿ ಅಂದಿದಾರೆ. ನಾವು ಅವರನ್ನ ಕೇಳೂ ಇರ್ಲಿಲ್ಲ.”

ಸಾವಿರದ ಮುನ್ನೂರು ಜನ. ತಾವು ಕೆಲಸ ಮಾಡಿದ ಇಡೀ ಇಲಾಖೆಯಲ್ಲಿ ಅಷ್ಟು ಜನ ಇರಲಿಲ್ಲ. ವೆಂಕಟಸುಬ್ಬಯ್ಯನವರ ಉಸಿರು ಹಿಡಿತಕ್ಕೆ ಬಂತು. ಮುತ್ತಾತನವರ ಕೀರ್ತಿ ಹುಬ್ಬಳ್ಳಿಯವರೆಗೆ ಹಬ್ಬುವುದಾದರೆ ತಾವು ಅಡ್ಡ ಬರುವುದು ಸರಿಯಲ್ಲ ಎಂದು ಅವರಿಗೆ ಅನ್ನಿಸಿತು. ಮರುದಿನ ಪಾರ್ಕಿನಲ್ಲಿ, “ಜಗತ್ತಿಗೆ ಕೊಟ್ಟುಬಿಟ್ಟೆ ಕಣ್ರೀ. ವಿದ್ಯೆ ಹಂಚಬೇಕು” ಎಂದು ಸಾರಿದರು. ಪಾರ್ಕಿನವರೆಲ್ಲ ಫೋನು ಹಿಡಿದು ಯಶೋಧಾ ಅವರ ಮೊದಲ ಪುಟಕ್ಕೆ ಕಾದರು.

ಮೊದಲ ಪುಟ ಬಂತು. “ಚಂದ್ರಾವತಿಗೆ ಎರಡು ದಿನದಿಂದ ಹೊಟ್ಟೆನೋವು. ಆಹಾರವಿಲ್ಲ. ನಿದ್ರೆಯಿಲ್ಲ. ಸ್ವಭಾವ ಬಹಳ ಮುಂಗೋಪ. ಹತ್ತಿರ ಹೋಗಲು ಎಲ್ಲರಿಗೂ ಭಯ.”

“ಯಾರೋ ರಾಣಿವಾಸದವರಿರಬೇಕು,” ಎಂದರು ಶಿವಮಲ್ಲಪ್ಪ ತಗ್ಗಿದ ದನಿಯಲ್ಲಿ. “ಅಲ್ಲಾ ಸ್ವಾಮಿ, ಅಂತಃಪುರದ ಹೊಟ್ಟೆನೋವನ್ನ ಊರಿಗೆಲ್ಲ ಹೇಳ್ಬುಟ್ರಲ್ಲ.”

ವೆಂಕಟಸುಬ್ಬಯ್ಯನವರು ಎದ್ದು ಮನೆಗೆ ನಡೆದರು. ವೈದ್ಯನಾದವನು ರೋಗಿಯ ಗುಟ್ಟು ಬಿಡಬಾರದು. ಮುತ್ತಾತ ಕಾಪಾಡಿದ ಮಾನವನ್ನು ಮರಿಮಗ ಕಳೆದನೆ? ಇಡೀ ದಿನ ಅವರಿಗೆ ಊಟ ಸೇರಲಿಲ್ಲ. ಮರುದಿನ ಚಿಕಿತ್ಸೆಯ ವಿವರ ಬಂತು. “ಹತ್ತು ಸೇರು ಬೆಲ್ಲ, ನಾಲ್ಕು ಸೇರು ಹರಳೆಣ್ಣೆ, ಎರಡು ಹಿಡಿ ಇಂಗು. ಆರು ಜನ ಆಳುಗಳಿಂದ ಹೊಟ್ಟೆ ಉಜ್ಜಿಸಿದ್ದು.”

“ಆರು ಜನ ಆಳುಗಳಾ?” ಎಂದರು ಶಿವಮಲ್ಲಪ್ಪ.

“ಆಗಿನವರು ದಷ್ಟಪುಷ್ಟ ಇರ್ತಿದ್ರು,” ಎಂದರು ವೆಂಕಟಸುಬ್ಬಯ್ಯನವರು. ಆದರೆ ಅವರ ದನಿಯಲ್ಲಿ ಬಲವಿರಲಿಲ್ಲ.

ಮೂರನೆಯ ದಿನದ ಪುಟದಲ್ಲಿ ಇದ್ದದ್ದು ಹೀಗೆ: “ಔಷಧಿ ಬಾಯಿಗೆ ಹಾಕಹೋದಾಗ ಚಂದ್ರಾವತಿಯ ಸೊಂಡಿಲಿನ ಏಟಿಗೆ ನನ್ನ ಎಡಭುಜ ಊದಿದೆ.”

ಪಾರ್ಕಿನಲ್ಲಿ ಎಲ್ಲರೂ ಆ ಸಾಲನ್ನು ಎರಡೆರಡು ಸಲ ಓದಿದರು. ಸೊಂಡಿಲಿಗೆ ಬೇರೆ ಅರ್ಥ ಹಚ್ಚಲು ವೆಂಕಟಸುಬ್ಬಯ್ಯನವರು ಮನಸ್ಸಿನಲ್ಲೇ ಶಕ್ತಿಮೀರಿ ಪ್ರಯತ್ನಿಸಿದರು. ಸಿಗಲಿಲ್ಲ.

ಮೊದಲು ಬಾಯಿ ತೆರೆದವರು ಶಿವಮಲ್ಲಪ್ಪ. “ಸ್ವಾಮಿ, ಹೋದ ಚಳಿಗಾಲದಲ್ಲಿ ನನ್ನ ಮಂಡಿ ನೋವಿಗೆ ಕಷಾಯ ಕೊಟ್ರಲ್ಲ, ಒಂದೂವರೆ ತಿಂಗಳು. ಅದು ಈ ಪುಸ್ತಕದ್ದೇ ಅಲ್ವಾ?”

ವೆಂಕಟಸುಬ್ಬಯ್ಯನವರ ಜೀವನದಲ್ಲಿ ಇಂಥ ಸಂದಿಗ್ಧ ಹಿಂದೆ ಬಂದಿರಲಿಲ್ಲ. ಹೌದು ಎಂದರೆ ಬೀದಿಯವರಿಗೆಲ್ಲ ಆನೆಯ ಮದ್ದು ಕುಡಿಸಿದ ಹಾಗಾಯಿತು. ಅಲ್ಲ ಎಂದರೆ ಇಷ್ಟು ವರ್ಷ ಕೋಣೆಯೊಳಗೆ ಹೋಗಿ ಏನು ಓದುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಅವರು ಎರಡನ್ನೂ ಹೇಳದೆ, “ಮನೇಲಿ ಹಾಲು ಒಲೆ ಮೇಲಿದೆ” ಎಂದು ಎದ್ದರು.

ಸಂಜೆಯ ಹೊತ್ತಿಗೆ ಶಿವಮಲ್ಲಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೇ ಬಂದರು. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಕಷಾಯ ಕುಡಿದವರು. ಒಬ್ಬರಂತೂ ಇತ್ತೀಚೆಗೆ ತಮ್ಮ ಹಸಿವು ಹೆಚ್ಚಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದರು. ವೆಂಕಟಸುಬ್ಬಯ್ಯನವರು ಉತ್ತರಕ್ಕೆ ತಡಕಾಡುತ್ತಿದ್ದಾಗ ರಮಾಮಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಯಾರೂ ಹೆದರ್ಕೋಬೇಡಿ. ಆ ಕಷಾಯ ನಂದು. ಮೆಣಸು, ಜೀರಿಗೆ, ಒಣಶುಂಠಿ. ನಮ್ಮಮ್ಮ ಹೇಳ್ಕೊಟ್ಟಿದ್ದು. ಇವರಿಗೆ ಆ ಪುಸ್ತಕದಲ್ಲಿ ಒಂದಕ್ಷರ ಓದಕ್ಕೆ ಬರಲ್ಲ.”

ಬಂದವರೆಲ್ಲ ಸಮಾಧಾನದಿಂದ ಕಾಫಿ ಕುಡಿದು ಹೋದರು. ಹೋಗುವಾಗ ರಮಾಮಣಿಗೆ ಕೈ ಮುಗಿದು ಹೋದರು. ವೆಂಕಟಸುಬ್ಬಯ್ಯನವರ ಕಡೆ ತಿರುಗಿ ನೋಡಿದವರಿಲ್ಲ.

ಅಂದಿನಿಂದ ಅವರು ಪಾರ್ಕಿಗೆ ಹೋಗುವುದನ್ನು ಬಿಟ್ಟರು. ತರಕಾರಿಗೆ ಹಿಂದಿನ ರಸ್ತೆಯಿಂದ ಹೋಗುತ್ತಿದ್ದರು. ಆದರೆ ಒಂದು ವಿಚಿತ್ರ ನಡೆದಿತ್ತು. ದಿನವೂ ಹನ್ನೊಂದು ಗಂಟೆಗೆ ಯಶೋಧಾ ಅವರ ಪುಟ ಬರುವ ಹೊತ್ತಿಗೆ, ಹೆಂಡತಿಯ ಫೋನನ್ನು ಕದ್ದು ತೆಗೆದುಕೊಂಡು, ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರೂ ಓದುತ್ತಿದ್ದರು. ಹೆಸರಷ್ಟೇ ಗೊತ್ತಿದ್ದ ಮುತ್ತಾತ ಈಗ ಮಾತಾಡುತ್ತಿದ್ದ. ಭುಜ ಊದಿದ್ದನ್ನೂ, ಮದ್ದು ತಪ್ಪಿದ್ದನ್ನೂ, ಭಯವಾದದ್ದನ್ನೂ ಮುಚ್ಚಿಡದೆ ಬರೆದಿದ್ದ. ಚಂದ್ರಾವತಿ ಐದನೆಯ ದಿನ ನೆಲ ಹಿಡಿದಳು. ಏಳನೆಯ ದಿನ ನೀರನ್ನೂ ಬಿಟ್ಟಳು. ಪ್ರತಿ ಪುಟದ ಕೆಳಗೆ ಎಲ್ಲೆಲ್ಲಿಯವರೋ ಬರೆಯುತ್ತಿದ್ದರು. ಆನೆ ಶಿಬಿರದ ಪಶುವೈದ್ಯರೊಬ್ಬರು ಹೊಟ್ಟೆ ಉಜ್ಜಿಸಿದ ಕ್ರಮವನ್ನು ಕೇಳಿ ತಿಳಿದುಕೊಂಡರು. ಕಾರ್ಕಳದ ಟೀಚರೊಬ್ಬರು ತರಗತಿಯ ಮಕ್ಕಳೆಲ್ಲ ದಿನಾ ಆನೆಯ ಯೋಗಕ್ಷೇಮ ಕೇಳುತ್ತಿದ್ದಾರೆ ಎಂದು ಬರೆದರು.

ಒಂಬತ್ತನೆಯ ದಿನದ ಪುಟದಲ್ಲಿ ಎರಡೇ ಸಾಲುಗಳಿದ್ದವು. “ಚಂದ್ರಾವತಿ ಎದ್ದಿಲ್ಲ. ಬೆಳಗಿನಿಂದ ಕಣ್ಣು...” ಮುಂದಿನದನ್ನು ಹುಳ ತಿಂದಿತ್ತು. ಯಶೋಧಾ ಕೆಳಗೆ, “ಪುಸ್ತಕ ಇಲ್ಲಿಗೆ ನಿಂತಿದೆ. ಕ್ಷಮಿಸಿ” ಎಂದು ಬರೆದಿದ್ದರು.

ಅದರ ಕೆಳಗೆ ನೂರಾರು ಜನ ಒಂದೇ ಪ್ರಶ್ನೆ ಕೇಳಿದ್ದರು. ಆನೆ ಉಳಿಯಿತೆ?

ಮೂರು ತಲೆಮಾರು ಬೀಗ ಹಾಕಿ ಕಾಪಾಡಿದ ಪುಸ್ತಕದ ಕೊನೆಯನ್ನು ಹುಳಕ್ಕೆ ಹಾಕಿದವರು ಯಾರು ಎಂದು ಯಾರೂ ಕೇಳಿರಲಿಲ್ಲ. ವೆಂಕಟಸುಬ್ಬಯ್ಯನವರಿಗೆ ಮಾತ್ರ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ ಎನ್ನಿಸಿತು. ನಾಲ್ಕನೆಯ ದಿನ, ಇನ್ನು ತಡೆಯಲಾಗದು ಎಂದು ಕಾಗದ ತೆಗೆದು, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ವಿಷಯ, ಉಲ್ಲೇಖ ಎಲ್ಲ ಹಾಕಿ, ಸದರಿ ಪುಸ್ತಕವನ್ನು ತಕ್ಷಣದಿಂದ ಜಾರಿಗೆ ಬರುವಂತೆ ಇಂಟರ್ನೆಟ್ಟಿನಿಂದ ಹಿಂಪಡೆಯಬೇಕೆಂದು ಬರೆದು, ಮಡಿಸಿ ಜೇಬಿಗಿಟ್ಟುಕೊಂಡು ದೇವರಾಜ ಮೊಹಲ್ಲಾಕ್ಕೆ ಹೊರಟರು.

ಟ್ರಸ್ಟಿನ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಎಂಬತ್ತರ ಹತ್ತಿರದ ಮುದುಕಿ. ಪಕ್ಕದಲ್ಲಿ ಆಟೋ ಓಡಿಸುವವರ ಖಾಕಿ ಅಂಗಿ ಹಾಕಿದ್ದ ನಡುವಯಸ್ಸಿನ ಮಗ. ಶಾಲಿನಿ ಕಂಪ್ಯೂಟರಿನ ಪರದೆಯಲ್ಲಿ ಆರನೆಯ ದಿನದ ಪುಟ ತೆಗೆದು ಅವರಿಗೆ ಓದಿ ಹೇಳುತ್ತಿದ್ದಳು. ವೆಂಕಟಸುಬ್ಬಯ್ಯನವರು ಬಾಗಿಲಲ್ಲೇ ನಿಂತರು.

“ಮಾವುತ ಕೆಂಚಮಾದನು ಈವರೆಗೆ ಆನೆಯ ಮಗ್ಗುಲು ಬಿಟ್ಟು ಎದ್ದಿಲ್ಲ. ಊಟಕ್ಕೆ ಕರೆದರೂ ಬಾರನು. ಔಷಧ ಹಾಕುವವನು ನಾನು. ಚಂದ್ರಾವತಿ ಉಳಿದರೆ ಅದು ಇವನಿಂದ.”

ಮುದುಕಿ ಪರದೆಯನ್ನೇ ನೋಡುತ್ತಿದ್ದರು. “ಇನ್ನೊಂದ್ಸಲ ಓದವ್ವ. ಯೆಸ್ರು ಇರೋ ತಾವು.”

ಶಾಲಿನಿ ಮತ್ತೆ ಓದಿದಳು. ಆಮೇಲೆ ಬಾಗಿಲಲ್ಲಿ ನಿಂತವರನ್ನು ಕಂಡು ಪರಿಚಯ ಮಾಡಿಕೊಟ್ಟಳು. ಮುದುಕಿ ವಿದ್ಯಾರಣ್ಯಪುರಂನ ಚಿಕ್ಕಮಾದಮ್ಮ, ಕೆಂಚಮಾದನ ಮೊಮ್ಮಗಳು. ಜೊತೆಯಲ್ಲಿರುವವನು ಮಗ ಸಿದ್ದರಾಜು.

“ನಮ್ ಸ್ಟ್ಯಾಂಡಲ್ಲಿ ಯಾರೋ ಫೋನಲ್ಲಿ ಓದ್ತಿದ್ರು ಸಾರ್,” ಎಂದ ಸಿದ್ದರಾಜು. “ಹೆಸರು ಕೇಳಿ ಎದೆ ಧಸಕ್ಕಂತು. ನಮ್ಮವ್ವ ಈ ಕತೇನ ನಾನು ಸಣ್ಣೋನಿದ್ದಾಗ್ನಿಂದ ಹೇಳ್ತಾನೇ ಇತ್ತು. ಅಪ್ಪನ ಕಡೆಯವರೆಲ್ಲ, ಆನೆ ಕಾದೋನ್ಗೆ ಯಾವ ಅರಮನೆ ಲೆಕ್ಕ ಬರೀತದೆ ಅಂತ ನಗೋರು. ನಾವೂ ನಕ್ಕಿದ್ದೀವಿ. ಮನೇಲಿ ತಾತನ್ದು ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ.”

ಚಿಕ್ಕಮಾದಮ್ಮ ವೆಂಕಟಸುಬ್ಬಯ್ಯನವರ ಕಡೆ ತಿರುಗಿದರು. “ಈ ಪುಸ್ತಕ ಆಚೆಗೆ ಬುಟ್ಟೋರು ನೀವೇನಾ ಸಾಮಿ?”

ವೆಂಕಟಸುಬ್ಬಯ್ಯನವರು ತಮ್ಮ ಜೀವಮಾನದಲ್ಲಿ ಹಲವು ಹೆಗ್ಗಳಿಕೆಗಳನ್ನು ಸುಲಭವಾಗಿ ಒಪ್ಪಿಕೊಂಡವರು. ಈ ಒಂದನ್ನು ಒಪ್ಪಿಕೊಳ್ಳಲಿಲ್ಲ. “ನಾನು ನೋಡದೆ ಸಹಿ ಹಾಕ್ದೆ ಕಣಮ್ಮ,” ಎಂದರು. “ಇವತ್ತು ತೆಗೆಸೋಣ ಅಂತ ಬಂದಿದ್ದೆ.”

“ಯಾಕ್ ಸಾಮಿ?”

“ನಮ್ಮ ಮುತ್ತಾತ ರಾಜರಿಗೆ ವೈದ್ಯರು ಅಂತ ಊರಿಗೆಲ್ಲ ಹೇಳ್ಕೊಂಡಿದ್ದೆ. ನೋಡಿದ್ರೆ ಆನೆಗೆ.”

ಚಿಕ್ಕಮಾದಮ್ಮನಿಗೆ ಅರ್ಥವಾಗಲಿಲ್ಲ. “ಅದ್ರಾಗೇನು ನಾಚ್ಕೆ? ರಾಜ್ರಿಗೆ ಕಾಯ್ಲೆ ಬಂದ್ರೆ ಎಲ್ಲಿ ನೋಯ್ತದೆ ಅಂತ ಬಾಯ್ಬುಟ್ಟು ಯೋಳ್ತಾರೆ. ಆನೆ ಯೋಳ್ತದಾ? ತಿಳ್ಕಂಡು ಮದ್ದು ಆಕ್ಬೇಕು.”

ವೆಂಕಟಸುಬ್ಬಯ್ಯನವರು ಜೇಬಿನ ಕಾಗದವನ್ನು ತೆಗೆದು ನಾಲ್ಕು ಚೂರು ಮಾಡಿ, ಶಾಲಿನಿಯ ಕಸದ ಬುಟ್ಟಿಗೆ ಹಾಕಿದರು. “ಆ ಹಾಳೆ ನಮ್ಮನೇಲಿದೆ. ಬಂದು ಕೈಯಾರೆ ಮುಟ್ಟಿ ನೋಡಿ. ಈಗಲೇ ಬನ್ನಿ,” ಎಂದರು.

ಸಿದ್ದರಾಜುವಿನ ಆಟೋದಲ್ಲೇ ನಾಲ್ವರೂ ಸರಸ್ವತಿಪುರಂಗೆ ಬಂದರು. ಹಗಲು ಹೊತ್ತಿನಲ್ಲಿ ವೆಂಕಟಸುಬ್ಬಯ್ಯನವರು ಮುಂದಿನ ರಸ್ತೆಯಿಂದಲೇ ಮನೆಗೆ ಬಂದದ್ದನ್ನು ಕಂಡು, ಏನೋ ವಿಶೇಷವಿದೆ ಎಂದು ಶಿವಮಲ್ಲಪ್ಪ ಹಿಂದೆಯೇ ಒಳಗೆ ಬಂದರು. ಅವರ ಹಿಂದೆ ಕಷಾಯದವರೂ ಬಂದರು. ರಮಾಮಣಿ ಹಜಾರದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪುಸ್ತಕ ಬಿಡಿಸಿದರು. ಚಿಕ್ಕಮಾದಮ್ಮ ಕೈ ತೊಳೆದು ಬಂದು, ಯಾವ ತಾವು ಎಂದು ಕೇಳಿ, ತಾತನ ಹೆಸರಿನ ಮೇಲೆ ಒಂದು ಬೆರಳಿಟ್ಟರು. ತೆಗೆಯಲೇ ಇಲ್ಲ.

ವೆಂಕಟಸುಬ್ಬಯ್ಯನವರು ಮೆಲ್ಲಗೆ ಕೇಳಿದರು. “ಅಮ್ಮ, ಒಂಬತ್ತನೇ ದಿನಕ್ಕೆ ಪುಸ್ತಕ ನಿಂತುಹೋಗಿದೆ. ನಾವು ಸರಿಯಾಗಿ ನೋಡ್ಕೊಳ್ಳಲಿಲ್ಲ. ಆಮೇಲೆ ಚಂದ್ರಾವತಿ ಏನಾಯ್ತು?”

“ಚಂದ್ರಿನಾ?” ಎಂದರು ಚಿಕ್ಕಮಾದಮ್ಮ, ಅದೇನು ದೊಡ್ಡ ಪ್ರಶ್ನೆ ಎಂಬಂತೆ. “ಅದ್ಕೇನು? ಎದ್ಲಲ್ಲ.”

“ಎದ್ದಳಾ?” ಎಂದರು ಐದಾರು ಜನ ಒಟ್ಟಿಗೆ.

“ಹತ್ನೇ ದಿನ ಹೊತ್ತುಟ್ಟೋವಾಗ. ಪಂಡಿತ್ರು ಬಗ್ಗಿ ಕಿವಿ ನೋಡ್ತಿದ್ರಂತೆ. ಮಲ್ಗಿದ್ದೋಳು ಅಂಗೇ ಸೊಂಡ್ಲೆತ್ತಿ, ಅವ್ರ ತಲೆ ಮ್ಯಾಲಿನ ರುಮಾಲು ಕಿತ್ಕಂಡು, ಬಾಯಿಗಾಕ್ಕಂಡು ಅಗೀತಾ ಎದ್ದು ನಿಂತ್ಬುಟ್ಲಂತೆ. ಹೊಸ ರುಮಾಲು, ಜರಿ ಅಂಚಿನದು. ಪಂಡಿತ್ರು ನೆಲದ ಮ್ಯಾಲೆ ಕುಂತ್ಕಂಡು ಬೋಳ್ತಲೆ ತಟ್ಕಂಡು ತಟ್ಕಂಡು ನಕ್ರಂತೆ. ಅಷ್ಟು ದಿನ ಅಳ್ದೇ ಇದ್ದ ನಮ್ ತಾತ ಅವತ್ತು ಅತ್ತಂತೆ.”

ರಮಾಮಣಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಕಾಫಿಗೆ ನೀರಿಡಲು ಎದ್ದರು. ವೆಂಕಟಸುಬ್ಬಯ್ಯನವರು ಎಲ್ಲರೆದುರಿಗೂ ಕನ್ನಡಕ ತೆಗೆದು ಹಾಕಿಕೊಂಡು, ಹೇಳಿದ್ದನ್ನೆಲ್ಲ ಚಿಕ್ಕಮಾದಮ್ಮನ ಮಾತಿನಲ್ಲೇ ಬರೆದುಕೊಂಡರು. ಇದನ್ನೂ ಎಲ್ಲರೂ ನೋಡುವ ಹಾಗೆ ಇಡಬಹುದೇ ಎಂದು ಶಾಲಿನಿ ಕೇಳಿದಾಗ ಚಿಕ್ಕಮಾದಮ್ಮ, “ಇಡವ್ವ, ಇಷ್ಟು ದಿನ ಕೇಳೋರೇ ಇರ್ನಿಲ್ಲ” ಎಂದರು. ಒಂಬತ್ತನೆಯ ದಿನದ ಕೆಳಗೆ ಅದು ಅಂದು ಸಂಜೆಯೇ ಸೇರಿತು. ಹೇಳಿದವರು, ಮಾವುತ ಕೆಂಚಮಾದನ ಮೊಮ್ಮಗಳು ಚಿಕ್ಕಮಾದಮ್ಮ. ಬರೆದುಕೊಂಡವರು, ಆನೆ ವೈದ್ಯರ ಮರಿಮಗ ವೆಂಕಟಸುಬ್ಬಯ್ಯ.

ಹತ್ತು ನಿಮಿಷದಲ್ಲಿ ಹುಬ್ಬಳ್ಳಿಯಿಂದ ಮೊದಲ ಉತ್ತರ ಬಂತು. “ನಾಕು ದಿನದಿಂದ ಒಂದ ತುತ್ತು ನೆಟ್ಟಗ ಇಳಿದಿರಲಿಲ್ಲರೀ. ಈಗ ರೊಟ್ಟಿ ಹಚ್ಚಿಕೊಂಡು ಊಟಕ್ಕ ಕೂತೇನಿ. ಇಂತಿ, ಯಶೋಧಾ.”